ಹೇಮಾವತಿಯ ದಂಡೆಯಲ್ಲಿ ಮತ್ತೊಮ್ಮೆ

ಒಂಟಿಯಾಗಿ ತಿರುಗಾಡಬಲ್ಲವರು ಪುಣ್ಯವಂತರು. ಅವರು ಬೇಕೆನಿಸಿದಲ್ಲಿ ನಿಲ್ಲುತ್ತಾರೆ, ಬೇಡವೆನಿಸಿದರೆ ಹಿಂದಿರುಗುತ್ತಾರೆ. ನನಗೆ ಆ ಪುಣ್ಯವಿಲ್ಲ. ನನಗೊಬ್ಬ ಜೊತೆಗಾರ ಬೇಕು. ಆದರೆ ಅವನು ಮಾತಿಲ್ಲದೆ ಒಂದು ಮೈಲಿ ನಡೆಯಬಲ್ಲವನಾಗಿರಬೇಕು. ಅಂಥವನೊಬ್ಬ ನನಗೆ ದೊರೆತದ್ದು ಸಕಲೇಶಪುರದಲ್ಲಿ, ಸುಮಾರು ಇಪ್ಪತ್ತು ವರ್ಷಗಳ ಹಿಂದೆ. ನಾನಾಗ ಹೊಸ ಅಧ್ಯಾಪಕ. ಅವನು ಕಾಫಿ ವ್ಯಾಪಾರಿಯೊಬ್ಬರಲ್ಲಿ ಲೆಕ್ಕ ಬರೆಯುತ್ತಿದ್ದ. ಅವನ ಊರು ಅದೇ ತಾಲ್ಲೂಕಿನ ಹೊಂಗಡಹಳ್ಳ.

ಭಾನುವಾರದ ಸಂಜೆ ನಮ್ಮ ಸಂಚಾರ ತಪ್ಪುತ್ತಿರಲಿಲ್ಲ. ಸಕಲೇಶ್ವರನ ಗುಡಿಯಿಂದ ಹೊರಟು, ಹೊಳೆಮಲ್ಲೇಶ್ವರನನ್ನು ಕಂಡು, ಸೇತುವೆಯ ಮೇಲೆ ಸ್ವಲ್ಪ ಹೊತ್ತು ನಿಂತು, ಪೇಟೆಯ ಸದ್ದು ಅಡಗುವವರೆಗೆ ಹೇಮಾವತಿಯ ಜೊತೆಯಲ್ಲಿ ನಡೆದು, ದೀಪ ಹಚ್ಚುವ ಹೊತ್ತಿಗೆ ಹಿಂದಿರುಗುವುದು, ಇಷ್ಟೇ. ಬಳ್ಳಾಲರಾಯನ ದುರ್ಗದ ಬಳಿ ಹುಟ್ಟಿದ ಈ ನದಿ ಗೊರೂರಿನ ಕಡೆಗೆ ಹರಿಯುತ್ತದೆಯೆಂದು ನೆನೆದಾಗಲೆಲ್ಲ ನನಗೆ ಗೊರೂರು ರಾಮಸ್ವಾಮಿ ಅಯ್ಯಂಗಾರ್ಯರ ನೆನಪಾಗುತ್ತಿತ್ತು. ನಾನು ಅವರ ಹಾಸ್ಯವನ್ನು ಹೊಗಳಿದರೆ, ಗೆಳೆಯ ಕೇಳಿ, ಕೊನೆಗೆ ಒಂದೇ ಮಾತು ಹೇಳುತ್ತಿದ್ದ: “ಈ ಹೊಳೆ ನಿಮ್ಮ ಕಡೆಯದು, ಮೇಷ್ಟ್ರೇ. ನಮ್ಮ ಹಳ್ಳ ಬೇರೆ ದಾರಿಯದು.”

ಅದು ನಿಜವೇ. ಸಕಲೇಶಪುರದ ಬೆಟ್ಟಗಳ ನೆತ್ತಿಯೇ ನೀರಿನ ಎಲ್ಲೆ. ಅದರ ಮೂಡಲಿಗೆ ಬಿದ್ದ ಮಳೆ ಹೇಮಾವತಿಯಾಗಿ, ಕಾವೇರಿಯನ್ನು ಕೂಡಿ, ಬಂಗಾಳ ಕೊಲ್ಲಿಯ ದಾರಿ ಹಿಡಿಯುತ್ತದೆ. ಪಡುವಲಿಗೆ ಬಿದ್ದದ್ದು ಎತ್ತಿನಹೊಳೆ, ಕೇರಿಹೊಳೆ, ಹೊಂಗಡಹಳ್ಳಗಳಾಗಿ ಘಟ್ಟವಿಳಿದು, ಕುಮಾರಧಾರೆಯನ್ನು ಸೇರಿ, ಉಪ್ಪಿನಂಗಡಿಯಲ್ಲಿ ನೇತ್ರಾವತಿಯೊಡನೆ ಬೆರೆತು ಅರಬ್ಬಿ ಸಮುದ್ರಕ್ಕೆ ಹೋಗುತ್ತದೆ. ಬಿಸಿಲೆಯ ದಾರಿಯಲ್ಲಿ, ಮಂಕನಹಳ್ಳಿಯ ಬಳಿ, ಈ ಎಲ್ಲೆಯನ್ನು ತೋರುವ ಕಲ್ಲೊಂದುಂಟು. ಮೋಡ ಒಂದೇ; ಹನಿಗಳ ಹಣೆಬರಹ ಮಾತ್ರ ಬೇರೆ.

ನಮ್ಮ ಹಣೆಬರಹವೂ ಬೇರೆಯಾಯಿತು. ತಂದೆಗೆ ವಯಸ್ಸಾಗಲು ಅವನು ಊರಿಗೆ ಹಿಂದಿರುಗಿದ. ನನಗೆ ಚಿಕ್ಕಬಳ್ಳಾಪುರಕ್ಕೆ ವರ್ಗವಾಯಿತು. ಅಲ್ಲಿ ನೀರೆಂದರೆ ಸಾವಿರ ಅಡಿಗೂ ಕೆಳಗಿನ ಕೊಳವೆಬಾವಿ. ಅದರಲ್ಲೂ ಎಷ್ಟೋ ಕಡೆ ಫ್ಲೋರೈಡು. ಮನೆಯ ಮುಂದೆ ಟ್ಯಾಂಕರಿನ ಸದ್ದಾದರೆ ಪಾಠದ ಟಿಪ್ಪಣಿಯನ್ನು ಅಲ್ಲಿಯೇ ಬಿಟ್ಟು ಕೊಡ ಹಿಡಿದು ಓಡುವುದನ್ನು ನಾನೂ ಕಲಿತೆ. 2014ರ ಮಾರ್ಚಿಯಲ್ಲಿ ಎತ್ತಿನಹೊಳೆ ಯೋಜನೆಗೆ ಶಂಕುಸ್ಥಾಪನೆಯಾದಾಗ ನನಗಾದ ಸಂತೋಷ ಅಷ್ಟಿಷ್ಟಲ್ಲ. ಸಕಲೇಶಪುರದ ಹಳ್ಳಗಳಿಗೆ ಎಂಟು ಕಡೆ ಒಡ್ಡು ಕಟ್ಟಿ, ಮಳೆಗಾಲದ 24.01 ಟಿಎಂಸಿ ನೀರನ್ನು ಮೇಲೆತ್ತಿ, ಮೂಡಲ ಸೀಮೆಗೆ ತರುವುದು ಅದರ ಉದ್ದೇಶ. ಆ ಹಳ್ಳಗಳಲ್ಲಿ ಹೊಂಗಡಹಳ್ಳವೂ ಒಂದು. ಅದೇ ರಾತ್ರಿ ಗೆಳೆಯನಿಗೆ ಕಾಗದ ಬರೆದೆ: “ಕಡಲಿಗೆ ಹರಿದು ವ್ಯರ್ಥವಾಗುವ ನಿಮ್ಮ ನೀರು ಇನ್ನು ನಮ್ಮ ಮನೆಗೆ ಬರುತ್ತದೆ.”

ಅದಕ್ಕೆ ಉತ್ತರ ಬರಲಿಲ್ಲ. ಮುಂದೆಯೂ ಬರಲಿಲ್ಲ.

2024ರ ಸೆಪ್ಟೆಂಬರ್ 6ರಂದು, ಗೌರಿಹಬ್ಬದ ದಿನ, ಯೋಜನೆಯ ಮೊದಲ ಹಂತಕ್ಕೆ ಚಾಲನೆ ದೊರೆಯಿತು. ಅಂದು ನಾನು ಧೈರ್ಯಮಾಡಿ ಇನ್ನೊಂದು ಕಾಗದ ಬರೆದೆ. ಈ ಬಾರಿ ಬಂದ ಉತ್ತರ ಎರಡೇ ಪದ: “ಬಾ, ನಡೆಯೋಣ.”

ನವೆಂಬರಿನಲ್ಲಿ ಹೋದೆ. ಅದೇ ಗುಡಿ, ಅದೇ ಸೇತುವೆ. ಹೊಳೆಮಲ್ಲೇಶ್ವರನ ಗುಡಿಯ ಬಳಿ, ಮಳೆಗಾಲದಲ್ಲಿ ಹೊಳೆ ಎಲ್ಲಿಯವರೆಗೆ ಏರುತ್ತದೆಂದು ಅವನು ಕೈಯೆತ್ತಿ ತೋರಿಸಿದ. ಮೊದಲಿನಂತೆಯೇ ಮಾತಿಲ್ಲದೆ ನಡೆದೆವು. ಆದರೆ ಮೌನದಲ್ಲಿಯೂ ಎರಡು ಬಗೆಯುಂಟೆಂದು ನನಗೆ ಅಂದು ತಿಳಿಯಿತು.

ಮರುದಿನ ಹೊಂಗಡಹಳ್ಳಕ್ಕೆ ಕರೆದೊಯ್ದ. ಏಲಕ್ಕಿ ತೋಟದ ಅಂಚಿನಲ್ಲಿ, ತಣ್ಣನೆಯ ಬಂಡೆಗಳ ನಡುವೆ ಹಳ್ಳ ಹರಿಯುತ್ತಿತ್ತು. ಆನೆಗಳು ಗದ್ದೆಗೆ ಇಳಿದ ಗುರುತು ಕೆಸರಿನಲ್ಲಿ ಇನ್ನೂ ಹಸಿಯಾಗಿತ್ತು. ಸರ್ಕಾರ ಪರಿಹಾರ ಕೊಟ್ಟು ತೋಟವನ್ನು ತೆಗೆದುಕೊಳ್ಳುವುದಾದರೆ ಬಿಟ್ಟುಹೋಗಲು ಸಿದ್ಧವೆಂದು ಅವನ ಮನೆಯವರೂ ರುಜು ಹಾಕಿದ್ದರಂತೆ. ಆ ಮಾತನ್ನು ಅವನು ಪಕ್ಕದ ಮನೆಯ ಸುದ್ದಿಯೆಂಬಂತೆ ಹೇಳಿದ.

ಬಂಡೆಯ ಮೇಲೆ ಕುಳಿತ ಮೇಲೆ ಕೇಳಿದ: “ನಿಮ್ಮ ಮನೆಗೆ ನೀರು ಬಂತೇನಯ್ಯ?”

“ಇನ್ನೂ ಇಲ್ಲ. ಕಾಲುವೆ ಮುಗಿದಿಲ್ಲ. ಸದ್ಯಕ್ಕೆ ವೇದಾವತಿಯ ಕಡೆಗೆ ಬಿಟ್ಟಿದ್ದಾರೆ.”

“ಬರಲಿ. ಬಾಯಾರಿದವರಿಗೆ ಬೇಡವೆನ್ನಲು ನಾನು ಯಾರು? ಆದರೆ ವ್ಯರ್ಥ ಎಂದು ಬರೆದಿದ್ದೆಯಲ್ಲ, ಆ ಮಾತೊಂದು ನನ್ನಿಂದ ನುಂಗಲಾಗಲಿಲ್ಲ ಮಾರಾಯ. ಈ ನೀರಿನಲ್ಲಿ ಮೀನುಂಟು. ಕೆಳಗೆ ಕಾಡುಂಟು, ಅಡಕೆ ತೋಟವುಂಟು, ಕಡಲಂಚಿನಲ್ಲಿ ಬಲೆ ಬೀಸುವವರುಂಟು. ಯಾರ ಪಾಲಿಗೆ ವ್ಯರ್ಥ?”

ನಾನು ಸುಮ್ಮನಾದೆ. ವಿದ್ಯಾರ್ಥಿಗಳು ಒಂದು ಪದವನ್ನು ತಪ್ಪಾಗಿ ಬಳಸಿದರೆ ಕೆಂಪು ಶಾಯಿಯಲ್ಲಿ ಗೆರೆಯೆಳೆಯುವುದು ನನ್ನ ವೃತ್ತಿ. ನನ್ನ ಕಾಗದದಲ್ಲಿನ ಆ ಒಂದು ಪದಕ್ಕೆ ಗೆರೆಯೆಳೆಯಲು ಹತ್ತು ವರ್ಷ ಬೇಕಾಯಿತು. ನಮ್ಮೂರಿನ ದಾಹ ಸುಳ್ಳಲ್ಲ. ಇನ್ನೊಬ್ಬರ ಹೊಳೆಯನ್ನು ಬೇಡುವ ಪಾಡು ನಮಗೆ ಬಂದಿದೆ. ಬೇಡುವವನಿಗೆ ಕೊಡುವವನ ವಸ್ತುವನ್ನು ಹಳಿಯುವ ಹಕ್ಕಿಲ್ಲವೆಂಬುದನ್ನು ಮಾತ್ರ ನಾನು ಮರೆತಿದ್ದೆ.

“ತಪ್ಪಾಯಿತು” ಎಂದೆ. ಅವನು ಏನೂ ಹೇಳದೆ, ಬೊಗಸೆಯಲ್ಲಿ ನೀರೆತ್ತಿ ಕುಡಿದು, ನನಗೂ ಜಾಗ ಬಿಟ್ಟು ಸರಿದು ಕುಳಿತ.

ಸಕಲೇಶಪುರದಲ್ಲಿ ಬಸ್ಸು ಹತ್ತಿಸುವಾಗ ಕೇಳಿದ: “ಮುಂದಿನ ಸಲ ನಾನು ಬರುತ್ತೇನೆ. ನಿಮ್ಮ ಕಡೆ ನಡೆಯುವುದಕ್ಕೆ ಹೊಳೆ ಉಂಟೋ?”

“ನಂದಿಬೆಟ್ಟದ ಸೀಮೆಯಲ್ಲಿ ಹುಟ್ಟುವ ಉತ್ತರ ಪಿನಾಕಿನಿ ಉಂಟು. ನೀರಿಲ್ಲ, ಅಷ್ಟೇ.”

“ಪರವಾಗಿಲ್ಲ” ಎಂದ ಗೆಳೆಯ. “ದಂಡೆಯಿದ್ದರೆ ಸಾಕು.”