ತದಡಿಯಲ್ಲಿ ನೋಡಲಿಕ್ಕೆ ಏನಿದೆ?

ಧಾರವಾಡದಲ್ಲಿ ಅಧ್ಯಾಪಕರಾಗಿರುವ ನನ್ನ ಸ್ನೇಹಿತರೊಬ್ಬರು ದೇವಿಮನೆ ಘಟ್ಟವನ್ನು ಇಳಿದು ಗೋಕರ್ಣಕ್ಕೆ ಬಂದಿದ್ದರು. ಮಹಾಬಲೇಶ್ವರನ ದರ್ಶನವಾಗಿತ್ತು, ಓಂ ಕಡಲತೀರದಲ್ಲಿ ಸೂರ್ಯಾಸ್ತವೂ ಆಗಿತ್ತು. ಊರಿಗೆ ಮರಳುವ ಮೊದಲು ಅರ್ಧ ದಿವಸ ಉಳಿದಿದೆ, ಇನ್ನೇನಾದರೂ ನೋಡತಕ್ಕದ್ದು ಇದೆಯೇ ಎಂದು ಕೇಳಿದರು. ತದಡಿಗೆ ಬನ್ನಿ ಎಂದೆ. ಅವರು ನನ್ನ ಮುಖವನ್ನು ಒಂದು ಕ್ಷಣ ನೋಡಿ, "ತದಡಿಯಲ್ಲಿ ನೋಡಲಿಕ್ಕೆ ಏನಿದೆ?" ಎಂದರು.

ಈ ಪ್ರಶ್ನೆ ನನಗೆ ಹೊಸದಲ್ಲ. ನಾನು ಹುಟ್ಟಿದ್ದೇ ಅಲ್ಲಿ. ಊರಿನ ಹೆಸರು ಹೇಳಿದೊಡನೆ ಪರಸ್ಥಳದವರು ಕೇಳುವ ಮೊದಲ ಮಾತು ಇದೇ. ಇದಕ್ಕೆ ಸರಿಯಾದ ಉತ್ತರ ಕೊಡುವುದಕ್ಕೆ ನನಗೆ ಬಹುಕಾಲ ಬೇಕಾಯಿತು. ಈ ಹೊತ್ತು ಕೇಳುಗರ ಮುಂದೆ ಆ ಉತ್ತರವನ್ನು ಇಡಲು ಪ್ರಯತ್ನಿಸುತ್ತೇನೆ. ಆದರೆ ತದಡಿಗೆ ಹೋಗಬೇಕಾದವರು ಗೋಕರ್ಣವನ್ನು ಹಾದೇ ಹೋಗುವುದು ವಾಡಿಕೆಯಾದ್ದರಿಂದ ಮೊದಲು ಗೋಕರ್ಣದ ಮಾತು.

ಸ್ನೇಹಿತರು ವಿಶ್ವವಿದ್ಯಾಲಯದ ಊರಿನವರು. ಕರ್ನಾಟಕ ವಿಶ್ವವಿದ್ಯಾಲಯ 1949ರಲ್ಲಿ ಮುಂಬಯಿಯಲ್ಲಿ ಹುಟ್ಟಿ, ಮರುವರ್ಷ ಧಾರವಾಡಕ್ಕೆ ಬಂದು ನೆಲೆಸಿತು. ನಮ್ಮ ಕರಾವಳಿಯ ಹುಡುಗರು ಪದವಿಗಾಗಿ ಘಟ್ಟ ಹತ್ತಿ ಅಲ್ಲಿಗೆ ಹೋಗುತ್ತಿದ್ದರು. ನಮ್ಮ ಕಡೆ ಅಂಥ ಊರು ಇರಲಿಲ್ಲವೆ ಎಂದರೆ, ಕಟ್ಟಡವಿಲ್ಲದ ಒಂದು ಇತ್ತು ಎನ್ನಬೇಕು. ಕದಂಬರ ಮಯೂರಶರ್ಮ ವೇದಾಧ್ಯಯನಕ್ಕೆಂದು ಗುರು ವೀರಶರ್ಮನೊಡನೆ ಕಂಚಿಯ ಘಟಿಕೆಗೆ ಹೋದ ಸಂಗತಿಯನ್ನು ತಾಳಗುಂದದ ಸ್ತಂಭಶಾಸನ ಹೇಳುತ್ತದೆ. ಗೋಕರ್ಣದಲ್ಲಿ ಘಟಿಕೆ ಎಂದು ಬೆರಳು ಮಾಡಿ ತೋರಿಸುವಂಥ ಮಂಟಪವಿಲ್ಲ. ಇಲ್ಲಿ ವಿದ್ಯೆ ಇದ್ದದ್ದು ಮನೆಗಳಲ್ಲಿ. ರಥಬೀದಿಯ ಎರಡೂ ಬದಿಗೆ ಹಬ್ಬಿದ ಆ ಹಳೆಯ ಮನೆಗಳ ಜಗಲಿಯಲ್ಲಿ ಬೆಳಗಿನ ಜಾವ ಹುಡುಗರು ಗುರುವಿನ ಎದುರು ಕುಳಿತು ಸಂಹಿತೆಯನ್ನು ಪದವಾಗಿ ಒಡೆದು, ಪದವನ್ನು ಕ್ರಮವಾಗಿ ಹೆಣೆದು, ಕ್ರಮವನ್ನು ಜಟೆಯಾಗಿಯೂ ಘನವಾಗಿಯೂ ತಿರುಗಿಸಿ ಹೇಳುವುದನ್ನು ಕಲಿಯುತ್ತಿದ್ದರು. ಒಂದು ಸ್ವರ ಜಾರಿದರೆ ಗುರು ಬಾಯಿಂದ ಹೇಳಬೇಕಿರಲಿಲ್ಲ. ಬೆರಳು ಎತ್ತಿದರೆ ಸಾಕಿತ್ತು. ಪುಸ್ತಕವಿಲ್ಲದೆ ಪಾಠವನ್ನು ತಲೆಮಾರುಗಳ ಕಾಲ ತಪ್ಪಿಲ್ಲದಂತೆ ಕಾಯುವ ಉಪಾಯ ಇದು. ಯಾತ್ರಿಕರಿಗೆ ಪೂಜೆ ಮಾಡಿಸುವ ಉಪಾಧಿವಂತರ ಮನೆಗಳೂ ಇವೇ. ದೂರದಿಂದ ಬಂದವರಿಗೆ ಊಟ, ವಸತಿ ಸಿಗುತ್ತಿದ್ದದ್ದೂ ಇಲ್ಲಿಯೇ. ಹೀಗೆ ಛತ್ರವೂ ಶಾಲೆಯೂ ಒಂದೇ ಸೂರಿನ ಕೆಳಗೆ ನಡೆದವು.

ಕ್ಷೇತ್ರ ಎಷ್ಟು ಹಳೆಯದೆಂಬುದಕ್ಕೆ ಕಾಳಿದಾಸನೇ ಸಾಕ್ಷಿ. ರಘುವಂಶದ ಎಂಟನೆಯ ಸರ್ಗದಲ್ಲಿ ನಾರದನ ವೀಣೆಯಿಂದ ಜಾರಿದ ಹೂಮಾಲೆ ಇಂದುಮತಿಯ ಮೇಲೆ ಬೀಳುವುದು ಅವನು ಗೋಕರ್ಣೇಶ್ವರನ ಸೇವೆಗೆ ಹೊರಟಾಗಲೇ. ರಾವಣ ತಂದ ಆತ್ಮಲಿಂಗವನ್ನು ವಟುವೇಷದ ಗಣಪತಿ ನೆಲಕ್ಕಿಟ್ಟ ಕತೆ ಎಲ್ಲರಿಗೂ ಗೊತ್ತು. ಅದರಲ್ಲಿ ನನಗೆ ಮೆಚ್ಚುಗೆಯಾದ ಭಾಗ ಬೇರೆ. ಲಿಂಗವನ್ನು ಕಿತ್ತಲು ಸೋತ ರಾವಣ ಸಿಟ್ಟಿನಿಂದ ಅದರ ಸಂಪುಟ, ಮುಚ್ಚಳ, ದಾರ, ವಸ್ತ್ರಗಳನ್ನು ಎಸೆದನಂತೆ. ಅವು ಬಿದ್ದ ಸ್ಥಳಗಳೇ ಸೆಜ್ಜೇಶ್ವರ, ಗುಣವಂತೇಶ್ವರ, ಧಾರೇಶ್ವರ, ಮುರುಡೇಶ್ವರ. ಕಾರವಾರದಿಂದ ಭಟ್ಕಳದವರೆಗಿನ ಕರಾವಳಿಯ ನಕಾಶೆಯನ್ನು ಮಕ್ಕಳಿಗೆ ಕಲಿಸಲು ಇದಕ್ಕಿಂತ ಸುಲಭವಾದ ಪಾಠ ನನ್ನ ಮಾಸ್ತರಿಕೆಯ ಕಾಲದಲ್ಲಿ ನನಗೆ ಸಿಗಲಿಲ್ಲ.

ಆಧುನಿಕ ವಿದ್ಯೆಯೂ ಇಲ್ಲಿ ಕಡಮೆಯದಲ್ಲ. ವಿಮರ್ಶಕರೂ ಚಿಂತಕರೂ ಆದ ಗೌರೀಶ ಕಾಯ್ಕಿಣಿಯವರು (1912-2002) ಇಲ್ಲಿಯ ಭದ್ರಕಾಳಿ ಪ್ರೌಢಶಾಲೆಯಲ್ಲಿ ಪಾಠ ಹೇಳುತ್ತಲೇ ಜಗತ್ತಿನ ಸಾಹಿತ್ಯವನ್ನೆಲ್ಲ ಓದಿದವರು. ಹತ್ತಿರದ ಹನೇಹಳ್ಳಿ ಗಂಗಾಧರ ಚಿತ್ತಾಲ, ಯಶವಂತ ಚಿತ್ತಾಲ ಸೋದರರ ಊರು. ಒಬ್ಬರು ಕವಿ, ಇನ್ನೊಬ್ಬರು ಕತೆಗಾರರು. ಇಬ್ಬರೂ ದೂರದ ನಗರಗಳಲ್ಲಿ ಬಾಳಿದರು. ಯಶವಂತರ ಕತೆಗಳಲ್ಲಂತೂ ಹನೇಹಳ್ಳಿ ಮತ್ತೆ ಮತ್ತೆ ಬರುತ್ತದೆ. ಸ್ನೇಹಿತರಿಗೆ ಇದನ್ನು ಹೇಳಿದಾಗ ಅವರು ಆ ಹಳ್ಳಿಯ ದಾರಿ ಯಾವುದೆಂದು ಕೇಳಿದರು. ದೇವಸ್ಥಾನದ ದಾರಿಯನ್ನು ಕೇಳುವ ಧ್ವನಿಯಲ್ಲಿಯೇ ಕೇಳಿದರು ಎಂಬುದು ನನಗೆ ಸಂತೋಷವಾಯಿತು.

ವಿದ್ಯೆಯ ಊರುಗಳ ಮಾತು ಬಂದಾಗ ಭಟ್ಕಳದ ಬಳಿಯ ಹಾಡುವಳ್ಳಿಯನ್ನು ಬಿಡುವಂತಿಲ್ಲ. ಸಂಗೀತಪುರವೆಂಬುದು ಅದರ ಹಳೆಯ ಹೆಸರು. ಅಲ್ಲಿಯ ಜೈನ ಗುರುಪರಂಪರೆಗೆ ಸೇರಿದ ಭಟ್ಟಾಕಳಂಕ 1604ರಲ್ಲಿ 'ಕರ್ನಾಟಕ ಶಬ್ದಾನುಶಾಸನ'ವನ್ನು ಮುಗಿಸಿದ: ಕನ್ನಡ ಭಾಷೆಗೆ ಸಂಸ್ಕೃತದಲ್ಲಿ ಬರೆದ 592 ಸೂತ್ರಗಳ ವ್ಯಾಕರಣ. ಕನ್ನಡವೂ ಶಾಸ್ತ್ರಕ್ಕೆ ತಕ್ಕ ಭಾಷೆಯೆಂದು ಪಂಡಿತರ ಭಾಷೆಯಲ್ಲಿಯೇ ವಾದಿಸಿದ ಧೈರ್ಯ ಅವನದು. ಇಂದು ಅಲ್ಲಿಗೆ ಹೋಗುವವರು ವಿರಳ. ಭಟ್ಕಳದ ಪೇಟೆಯಲ್ಲಿರುವ ಕಲ್ಲಿನ ಬಸದಿಯನ್ನೂ ಕೇತಪೈ ನಾರಾಯಣ ದೇವಾಲಯವನ್ನೂ ನೋಡಿದವರು ಮುರುಡೇಶ್ವರದ ಗೋಪುರದತ್ತ ಅವಸರ ಪಡುತ್ತಾರೆ. ಹೊನ್ನಾವರದ ಕಡೆ ಗೇರಸೊಪ್ಪೆಯ ಚತುರ್ಮುಖ ಬಸದಿ ಇದೆ, ಇಡಗುಂಜಿ ಇದೆ, ಯಕ್ಷಗಾನದ ಕೆರೆಮನೆ ಇದೆ. ಅವಕ್ಕೆಲ್ಲ ಬೇರೆಯೇ ಒಂದು ಭಾಷಣ ಬೇಕು. "ಸೊಕ್ಕಿದ್ದವ ಯಾಣಕ್ಕೆ, ರೊಕ್ಕಿದ್ದವ ಗೋಕರ್ಣಕ್ಕೆ" ಎಂಬ ಗಾದೆಯೊಂದು ನಮ್ಮ ಕಡೆ ಉಂಟು. ಯಾಣದ ಕರಿಬಂಡೆಗಳಿಗೆ ಈಗ ದಾರಿಯಾಗಿರುವುದರಿಂದ ಅಲ್ಲಿಗೆ ಹೋಗಲು ಮೊದಲಿನಷ್ಟು ಸೊಕ್ಕು ಬೇಕಾಗಿಲ್ಲ.

ಇನ್ನು ತದಡಿ.

ಗೋಕರ್ಣದಿಂದ ಸಾಣಿಕಟ್ಟೆಯ ಕಡೆ ಹೊರಟರೆ ರಸ್ತೆಯ ಬದಿಯಲ್ಲಿ ಚೌಕ ಚೌಕವಾದ ಉಪ್ಪಿನ ಪಾತಿಗಳು ಕಾಣುತ್ತವೆ. ಸ್ನೇಹಿತರು ಕಾರನ್ನು ನಿಲ್ಲಿಸಿದರು. ಅಮಾವಾಸ್ಯೆ ಹುಣ್ಣಿಮೆಗಳ ದೊಡ್ಡ ಭರತದಲ್ಲಿ ಏರಿ ಬಂದ ನೀರನ್ನು ತೂಬಿನಿಂದ ಒಳಗೆ ಬಿಟ್ಟುಕೊಂಡು, ಒಂದು ಪಾತಿಯಿಂದ ಇನ್ನೊಂದಕ್ಕೆ ಸಾಗಿಸುತ್ತ ಬಿಸಿಲಿನಿಂದ ಗಟ್ಟಿಗೊಳಿಸಿ, ಕೊನೆಗೆ ತಳದಲ್ಲಿ ಕೂತ ಹರಳನ್ನು ಮರದ ಹಲಗೆಯಿಂದ ಎಳೆದು ರಾಶಿ ಹಾಕುತ್ತಾರೆ. ಮಳೆ ಬರುವುದರೊಳಗೆ ವರ್ಷದ ಕೆಲಸ ಮುಗಿಯಬೇಕು. ಅಕಾಲದ ಒಂದು ಮಳೆ ಬಂದರೆ ವಾರದ ದುಡಿಮೆ ಬಂದ ದಾರಿಯಲ್ಲೇ ಮರಳಿ ಸಮುದ್ರಕ್ಕೆ ಹೋಗುತ್ತದೆ. ಈ ಉಪ್ಪು ನೋಡಲಿಕ್ಕೆ ಅಂಗಡಿಯ ಪುಡಿಯಷ್ಟು ಬೆಳ್ಳಗಿಲ್ಲ. ಉಪ್ಪಿನಕಾಯಿಗೆ ಇದೇ ಆಗಬೇಕೆಂದು ನಮ್ಮ ಮನೆಯ ಹೆಂಗಸರು ಈಗಲೂ ಹಟ ಹಿಡಿಯುತ್ತಾರೆ.

ಸಾಣಿಕಟ್ಟೆಯನ್ನು ದಾಟಿದರೆ ಅಘನಾಶಿನಿಯ ಅಳಿವೆ. ಸಿರಸಿಯ ಸೀಮೆಯಲ್ಲಿ ಹುಟ್ಟಿ, ಸಿದ್ದಾಪುರ ತಾಲೂಕಿನಲ್ಲಿ ಉಂಚಳ್ಳಿಯ ಜಲಪಾತವಾಗಿ 116 ಮೀಟರು ಧುಮುಕಿ, ಘಟ್ಟದ ಬುಡದಲ್ಲಿ ನಿಧಾನಿಸಿ, ತದಡಿಗೂ ಆಚೆ ದಡದ ಅಘನಾಶಿನಿ ಎಂಬ ಹಳ್ಳಿಗೂ ನಡುವೆ ಈ ಹೊಳೆ ಕಡಲನ್ನು ಸೇರುತ್ತದೆ. ಪಕ್ಕದ ಶರಾವತಿಗೆ ಅಣೆಕಟ್ಟಾಯಿತು, ಕಾಳಿಗೆ ಒಂದರ ಮೇಲೊಂದಾಗಿ ಆದವು; ಇದಕ್ಕೆ ಮಾತ್ರ ಇಂದಿನವರೆಗೆ ದೊಡ್ಡ ಅಣೆಕಟ್ಟಿಲ್ಲ. ಆದ್ದರಿಂದಲೇ ಮಳೆಗಾಲದಲ್ಲಿ ಘಟ್ಟದ ಸಿಹಿನೀರು, ಬೇಸಗೆಯಲ್ಲಿ ಕಡಲಿನ ಉಪ್ಪುನೀರು ಇಲ್ಲಿ ತಮ್ಮ ತಮ್ಮ ಕಾಲಕ್ಕೆ ಬಂದುಹೋಗುತ್ತವೆ. ಅಳಿವೆಯ ಬದುಕೆಲ್ಲ ಈ ಕಾಲಮಾನದ ಮೇಲೆ ನಿಂತಿದೆ.

ನೀರಿನ ಅಂಚಿನಲ್ಲಿ ಕಾಂಡ್ಲಾ ಗಿಡಗಳು, ಅವುಗಳ ಹಿಂದೆ ಒಡ್ಡು, ಒಡ್ಡಿನ ಒಳಗೆ ಗಜನಿ ಭೂಮಿ. ಗಜನಿಯಲ್ಲಿ ಬೆಳೆಯುವ ಭತ್ತಕ್ಕೆ ಕಗ್ಗ ಎಂದು ಹೆಸರು. ಉಪ್ಪು ಸೋಕಿದರೂ ಸಾಯದ, ನೆರೆಯಲ್ಲಿ ಮುಳುಗಿದರೂ ತಲೆಯೆತ್ತುವ ತಳಿ ಅದು. ಮಳೆಗಾಲದ ಮೊದಲ ನೀರು ಮಣ್ಣಿನ ಉಪ್ಪನ್ನು ತೊಳೆದ ಮೇಲೆ ಬೀಜ ಚೆಲ್ಲುತ್ತಾರೆ. ಗೊಬ್ಬರವಿಲ್ಲ, ಔಷಧವಿಲ್ಲ. ಕೊಯ್ಲಿನಲ್ಲಿ ತೆನೆಯ ಭಾಗವನ್ನಷ್ಟೇ ಕೊಯ್ದು, ಉಳಿದ ಹುಲ್ಲನ್ನು ಅಲ್ಲಿಯೇ ಬಿಟ್ಟು, ತೂಬನ್ನು ತೆರೆದು ಕಡಲನೀರನ್ನು ಒಳಗೆ ಬಿಡುತ್ತಾರೆ. ಕೊಳೆಯುವ ಹುಲ್ಲಿನ ನಡುವೆ ಸಿಗಡಿ, ನೊಗಲಿ, ಏಡಿ ಬೆಳೆಯುತ್ತವೆ. ಒಂದೇ ಗದ್ದೆ; ಆರು ತಿಂಗಳು ಅನ್ನ, ಆರು ತಿಂಗಳು ಮೀನು. ಇದನ್ನು ಕಂಡುಹಿಡಿದವರು ಯಾವ ವಿಶ್ವವಿದ್ಯಾಲಯದಲ್ಲೂ ಕಲಿತವರಲ್ಲವೆಂದು ನಾನು ಹೇಳಿದಾಗ ಸ್ನೇಹಿತರು ನಕ್ಕರು. ನಗುವಿಗಾಗಿ ನಾನು ಅದನ್ನು ಹೇಳಿರಲಿಲ್ಲ. ಮುಂದೆ ಹಣದ ಆಸೆಗೆ ಎಷ್ಟೋ ಗಜನಿಗಳು ಬರೇ ಸಿಗಡಿಯ ಕೆರೆಗಳಾದವು. ಒಡ್ಡು ಕಾಯುವವರಿಲ್ಲದೆ, ರೋಗ ಬಂದು ಸಿಗಡಿಯೂ ಕೈಕೊಟ್ಟು, ಹಲವು ಕಡೆ ಅನ್ನವೂ ಇಲ್ಲ, ಮೀನೂ ಇಲ್ಲ. ಕಗ್ಗವನ್ನು ಬಿಡದೆ ಹಿಡಿದಿರುವ ಮಾಣಿಕಟ್ಟೆಯಂಥ ಕೆಲವು ಊರುಗಳು ಮಾತ್ರ ಉಳಿದಿವೆ.

ನಮ್ಮ ಅಜ್ಜನ ಗಜನಿ ಈ ಒಡ್ಡಿನ ಒಳಗೇ ಇತ್ತು. ಅನೇಕ ವರ್ಷಗಳ ಹಿಂದೆ ಯಾವುದೋ ಅಳತೆಗೆಂದು ಅಧಿಕಾರಿಯೊಬ್ಬರು ಬಂದಿದ್ದರು. ಬೇಸಗೆಯ ದಿವಸ, ನೀರು ಪೂರ್ತಿ ಇಳಿದಿತ್ತು. ಒಡ್ಡಿನ ಮೇಲೆ ನಿಂತು ಬಿಸಿಲಿಗೆ ಕೈ ಅಡ್ಡ ಹಿಡಿದು ನೋಡಿ, "ಇಲ್ಲಿ ಏನೂ ಇಲ್ಲವಲ್ಲ" ಎಂದು ತಮ್ಮ ಪುಸ್ತಕದಲ್ಲಿ ಬರೆದುಕೊಂಡರು. ಪಾಳು ಎಂದು ಬರೆದರೆಂದು ಆಮೇಲೆ ತಿಳಿಯಿತು. ಅವರೆದುರಿಗೇ ಕೆಸರಿನಲ್ಲಿ ನಾಲ್ವತ್ತು ಐವತ್ತು ಜನ ಹೆಂಗಸರು ಬಗ್ಗಿ ಬೆಳಚು ಹೆಕ್ಕುತ್ತಿದ್ದರು. ಅವರೂ ಕಾಣಲಿಲ್ಲವೆ ಎಂದು ಕೇಳುವಷ್ಟು ಧೈರ್ಯ ಆಗ ನನಗೆ ಇರಲಿಲ್ಲ. ಅದು ಇಂದಿಗೂ ನನ್ನನ್ನು ಚುಚ್ಚುತ್ತದೆ.

ನೋಡುವುದೆಂದರೆ ಕೇವಲ ಪ್ರವಾಸಿಯ ವಿನೋದವೆಂದು ತಿಳಿಯಬಾರದು. ಒಂದು ಸ್ಥಳದಲ್ಲಿ ಏನೂ ಇಲ್ಲವೆಂದು ಬರೆದಾದ ಮೇಲೆ ಅಲ್ಲಿ ಏನನ್ನು ಬೇಕಾದರೂ ತಂದಿಡಬಹುದು. 2005-06ರ ಸುಮಾರಿಗೆ ದೇಶದಲ್ಲಿ ಬೃಹತ್ ವಿದ್ಯುತ್ ಸ್ಥಾವರಗಳಿಗೆ ಆರಿಸಿದ ಜಾಗಗಳ ಪಟ್ಟಿಯಲ್ಲಿ ತದಡಿಯ ಹೆಸರೂ ಇತ್ತು: ಕಲ್ಲಿದ್ದಲಿನಿಂದ ನಡೆಯುವ 4000 ಮೆಗಾವ್ಯಾಟಿನ ಸ್ಥಾವರ. ಮೀನುಗಾರರು, ರೈತರು, ಬೆಳಚಿನ ಹೆಂಗಸರು ಒಂದಾಗಿ ವಿರೋಧಿಸಿದರು. ವಿಜ್ಞಾನಿಗಳು ಬಂದು ಅಳಿವೆಯ ಮೀನು, ಚಿಪ್ಪಿ, ಹಕ್ಕಿ, ಗಿಡಗಳನ್ನು ಲೆಕ್ಕ ಹಾಕಿದರು. ಸ್ಥಾವರ ಬರಲಿಲ್ಲ. ದೊಡ್ಡ ಬಂದರಿನ ಯೋಜನೆಯ ಮಾತು ಆಮೇಲೆಯೂ ಎದ್ದಿತು. 2024ರ ಜನವರಿಯಲ್ಲಿ ಅಘನಾಶಿನಿಯ ಅಳಿವೆ, 4801 ಹೆಕ್ಟೇರು, ರಾಮ್ಸಾರ್ ಒಪ್ಪಂದದ ಜೌಗುನೆಲಗಳ ಪಟ್ಟಿಗೆ ಸೇರಿತು. ಇರಾನಿನ ಒಂದು ಊರಿನಲ್ಲಿ 1971ರಲ್ಲಿ ಆದ ಒಪ್ಪಂದದ ಹೆಸರು ನಮ್ಮ ಊರಿನ ಕೆಸರಿಗೆ ಅಂಟಿಕೊಂಡಿತು. ಪಾಳು ಎಂದು ಬರೆಸಿಕೊಂಡ ನೆಲವೇ ಇದು.

ಬಂದರು ಇಲ್ಲಿಗೆ ಹೊಸದೂ ಅಲ್ಲ. ಹೊಳೆಯಲ್ಲಿ ಮೇಲಕ್ಕೆ ಹೋದರೆ ಮಿರ್ಜಾನ ಸಿಗುತ್ತದೆ. ಒಂದು ಕಾಲಕ್ಕೆ ಘಟ್ಟದ ಕಾಳುಮೆಣಸು ಇಳಿದು ಬರುತ್ತಿದ್ದ ಸ್ಥಳ. ಜಂಬಿಟ್ಟಿಗೆ ಕಲ್ಲಿನ ಕೋಟೆ, ಸುತ್ತ ಕಂದಕ, ಒಳಗೆ ಬಾವಿಗಳು. ಮಳೆಗಾಲದಲ್ಲಿ ಗೋಡೆಯೆಲ್ಲ ಹಸಿರು ಹೊದ್ದಿರುತ್ತದೆ. ಪೋರ್ತುಗೀಜರು ಮೆಣಸಿನ ರಾಣಿ ಎಂದು ಕರೆದ ಗೇರಸೊಪ್ಪೆಯ ಚೆನ್ನಭೈರಾದೇವಿಯ ಕೋಟೆ ಇದೆಂದು ಜನ ನಂಬುತ್ತಾರೆ. ಈಗಿನ ರೂಪ ಹದಿನೇಳನೆಯ ಶತಮಾನದಲ್ಲಿ ಬಿಜಾಪುರದ ಅಧಿಕಾರಿ ಷರೀಫ್-ಉಲ್-ಮುಲ್ಕನಿಂದ ಬಂದದ್ದೆಂದು ಹೇಳುವವರೂ ಇದ್ದಾರೆ. 2000-01ರ ಉತ್ಖನನದಲ್ಲಿ ಮಣ್ಣಿನ ಅಡಿಯಿಂದ ಚೀನಾದ ಪಿಂಗಾಣಿಯ ಚೂರುಗಳೂ ಎದ್ದು ಬಂದವು. ಸ್ನೇಹಿತರು ಅಲ್ಲಿ ಬಹಳ ಹೊತ್ತು ನಿಲ್ಲಲು ಬಯಸಿಯಾರೆಂದು ಹೆದರಿ ನಾನು ಅವರನ್ನು ಮೊದಲು ಕೋಟೆಗೆ ಕರೆದೊಯ್ಯಲಿಲ್ಲ. ಈ ಸ್ವಾರ್ಥವನ್ನು ಒಪ್ಪಿಕೊಳ್ಳುತ್ತೇನೆ.

ನಾವು ತದಡಿಯ ದಡಕ್ಕೆ ಬಂದಾಗ ಭರತ ತುಂಬಿ ನಿಂತಿತ್ತು. ಬೋಟುಗಳು ಒಂದಕ್ಕೊಂದು ಮೈ ತಾಗಿಸಿ ತೂಗುತ್ತಿದ್ದವು. ಎದುರಿಗೆ ಅಘನಾಶಿನಿ ಹಳ್ಳಿಯ ಗುಡ್ಡ. ನಡುವೆ ಬರೇ ನೀರು, ಬೂದುಬಣ್ಣದ ನೀರು. ಸ್ನೇಹಿತರು ಸೌಜನ್ಯದಿಂದ ಸುಮ್ಮನಿದ್ದರು. ಕಟ್ಟೆಯ ಮೇಲೆ ಬುಟ್ಟಿ ಇಟ್ಟುಕೊಂಡು ಕುಳಿತಿದ್ದ ವಯಸ್ಸಾದ ಹೆಂಗಸೊಬ್ಬಳು ನನ್ನನ್ನು ಗುರುತಿಸಿ, "ಯಾರು ಮಾಸ್ತರೆ, ನೆಂಟರೋ?" ಎಂದಳು. ಧಾರವಾಡದವರು, ನಮ್ಮ ಊರು ನೋಡಲಿಕ್ಕೆ ಬಂದಿದ್ದಾರೆ ಎಂದೆ.

"ಈಗ ಬಂದ್ರೆ ಎಂತ ಕಾಣ್ತದೆ? ನೀರು ಇಳೀಲಿ. ಕೂತ್ಕೊಳ್ಳಿ," ಎಂದು ಅವಳು ತನ್ನ ಬುಟ್ಟಿಯನ್ನು ಬದಿಗೆ ಸರಿಸಿ ಜಾಗ ಮಾಡಿಕೊಟ್ಟಳು.

ಸ್ನೇಹಿತರು ಗಡಿಯಾರ ನೋಡಿಕೊಂಡರು. ಆಮೇಲೆ ಚಪ್ಪಲಿ ಬಿಟ್ಟು ಕಟ್ಟೆಯ ಮೇಲೆ ಕುಳಿತರು. ನೀರು ಇಳಿಯುವುದಕ್ಕೆ ಇನ್ನೂ ಮೂರು ಗಂಟೆಯಿತ್ತು.