ಪದಕಕ್ಕಿಂತ ಮೊದಲಿನ ಖರ್ಚು

ಬೆಳಿಗ್ಗೆ ಆರೂವರೆ. ಬೆಂಗಳೂರಿನ ಕಂಠೀರವ ಕ್ರೀಡಾಂಗಣದ ಗೇಟಿನ ಮುಂದೆ ಆಗಲೇ ಮಕ್ಕಳ ಸಾಲು. ಬೆನ್ನಿಗೊಂದು ಬ್ಯಾಗು, ಕೈಯಲ್ಲಿ ಪ್ಲಾಸ್ಟಿಕ್ ಕವರು. ಕವರಿನೊಳಗೆ ಜನನ ಪ್ರಮಾಣಪತ್ರ, ಆಧಾರ್ ಕಾರ್ಡಿನ ಜೆರಾಕ್ಸ್, ಶಾಲೆಯ ಪತ್ರ. ಕಿರಿಯರ ಅಥ್ಲೆಟಿಕ್ ಕೂಟಕ್ಕೆಂದು ರಾಜ್ಯದ ಮೂಲೆ ಮೂಲೆಯಿಂದ ಬಂದವರು ಇವರು. ರಾತ್ರಿ ಬಸ್ಸು ಹತ್ತಿ, ಮೆಜೆಸ್ಟಿಕ್‌ನಲ್ಲಿ ಇಳಿದು, ಅಲ್ಲೇ ಮುಖ ತೊಳೆದುಕೊಂಡು ನೇರವಾಗಿ ಇಲ್ಲಿಗೆ ಬಂದವರೇ ಹೆಚ್ಚು. ಕಾರಿನಿಂದ ಇಳಿಯುವ ಮಕ್ಕಳೂ ಇದ್ದಾರೆ. ಓಟದ ಗೆರೆಯ ಮೇಲೆ ನಿಂತಾಗ ಎಲ್ಲರೂ ಸಮಾನರು. ಆದರೆ ಆ ಗೆರೆಯವರೆಗೆ ಬರುವ ದಾರಿ ಎಲ್ಲರಿಗೂ ಒಂದೇ ಅಲ್ಲ. ಆ ದಾರಿಯ ಖರ್ಚನ್ನು ಯಾರು ಹೊರುತ್ತಾರೆ ಎಂದು ತಿಳಿಯಲು ಒಂದು ದಿನವನ್ನು ಇಲ್ಲೇ ಕಳೆದೆ.

ಈ ಜಾಗ ಒಂದು ಕಾಲಕ್ಕೆ ಸಂಪಂಗಿ ಕೆರೆಯ ಅಂಗಳ. ಕೆರೆ ಬತ್ತಿತು, ಮೈದಾನವಾಯಿತು. 1997ರ ರಾಷ್ಟ್ರೀಯ ಕ್ರೀಡಾಕೂಟದ ಹೊತ್ತಿಗೆ ಈಗ ಕಾಣುವ ದೊಡ್ಡ ಕ್ರೀಡಾಂಗಣ ಎದ್ದು ನಿಂತಿತು. ಕೆರೆಯ ಗುರುತಾಗಿ ಪಕ್ಕದಲ್ಲಿ ಒಂದು ಚಿಕ್ಕ ಹೊಂಡ ಉಳಿದಿದೆ, ಬೆಂಗಳೂರು ಕರಗದ ಆಚರಣೆಗೆ ಇಂದಿಗೂ ಅದು ಬೇಕು. ಒಂದು ಕಡೆ ಕಬ್ಬನ್ ಪಾರ್ಕಿನ ಮರಗಳು, ಇನ್ನೊಂದು ಕಡೆ ಯುಬಿ ಸಿಟಿಯ ಗೋಪುರ. ನಡುವೆ 400 ಮೀಟರಿನ ಸಿಂಥೆಟಿಕ್ ಟ್ರ್ಯಾಕ್. ಮಣ್ಣಿನ ಮೇಲೆ ಮಾತ್ರ ಓಡಿ ಗೊತ್ತಿರುವ ಹುಡುಗ ಹುಡುಗಿಯರು ಒಳಗೆ ಬಂದ ಕೂಡಲೇ ಬಗ್ಗಿ ಅದನ್ನು ಒಮ್ಮೆ ಮುಟ್ಟಿ ನೋಡುತ್ತಾರೆ. ಆ ದೃಶ್ಯವನ್ನು ಆ ಬೆಳಿಗ್ಗೆ ನಾಲ್ಕೈದು ಸಲ ಕಂಡೆ.

ಗ್ಯಾಲರಿಯ ನೆರಳಿನಲ್ಲಿ ಬ್ಯಾಡಗಿ ಕಡೆಯ ಒಬ್ಬರು ಕುಳಿತಿದ್ದರು. ಮೆಣಸಿನಕಾಯಿ ಮಾರುಕಟ್ಟೆಯಲ್ಲಿ ಹಮಾಲಿ. ಮಗಳು ಹತ್ತನೇ ತರಗತಿ, 800 ಮೀಟರ್ ಓಡುತ್ತಾಳೆ. ಮಾತಿಗೆ ಮಾತು ಬೆಳೆದು, ಅಂಗಿಯ ಜೇಬಿನಿಂದ ಸಣ್ಣ ಪುಸ್ತಕ ತೆಗೆದು ತೋರಿಸಿದರು. ಪ್ರವಾಸದ ಲೆಕ್ಕ ಬರೆದಿಟ್ಟಿದ್ದರು.

ಬಸ್ಸು, ನನಗೆ: 420. ಮಗಳಿಗೆ: 0. ಪ್ರವೇಶ ಶುಲ್ಕ: 200. ಇಡ್ಲಿ, ಚಹಾ: 90. ಸ್ಪೈಕ್ಸ್: 2,800, ಸಂಘದ ಸಾಲ.

‘ಮಗಳಿಗೆ ಸೊನ್ನೆ’ ಎಂಬ ಸಾಲಿನ ಮೇಲೆ ನನ್ನ ಕಣ್ಣು ನಿಂತದ್ದನ್ನು ನೋಡಿ ನಕ್ಕರು. “ಫ್ರೀ ಬಸ್ಸು ಆದ ಮ್ಯಾಲೆ ಇಕಿನ್ನ ಕೂಟಕ್ಕ ಕರ್ಕೊಂಡು ಬರಾಕ ಧೈರ್ಯ ಬಂತ್ರಿ ಸರ್ರ. ಮೊದಲು ಇಬ್ಬರ ಚಾರ್ಜು ಹೊಂದಸಾಕ ಆಗ್ತಿರಲಿಲ್ಲ.” ಸ್ವಲ್ಪ ತಡೆದು ಮತ್ತೆ ಹೇಳಿದರು: “ಪುಸ್ತಕದಾಗ ಬರೀಲಾರದ್ದು ಒಂದೈತ್ರಿ. ಎರಡು ದಿನದ ಕೂಲಿ.”

ಶಕ್ತಿ ಯೋಜನೆ 2023ರ ಜೂನ್ 11ರಂದು ಜಾರಿಗೆ ಬಂದಾಗ ಅದನ್ನು ಕ್ರೀಡಾ ಯೋಜನೆ ಎಂದು ಯಾರೂ ಕರೆಯಲಿಲ್ಲ. ಆದರೆ ರಾಜ್ಯದೊಳಗೆ ಸಾಮಾನ್ಯ ಸರ್ಕಾರಿ ಬಸ್ಸಿನಲ್ಲಿ ಹೆಣ್ಣುಮಕ್ಕಳಿಗೆ ಟಿಕೆಟ್ ಬೇಡ ಎಂದಾಗ, ತಾಲ್ಲೂಕು ಕೂಟಕ್ಕೂ ಜಿಲ್ಲಾ ಕೂಟಕ್ಕೂ ಹೋಗುವ ಹುಡುಗಿಯ ದೊಡ್ಡ ಖರ್ಚೊಂದು ಇಳಿಯಿತು. ಶಾಲೆಯ ಮೊಟ್ಟೆಯದೂ ಇದೇ ಕಥೆ. ಮಧ್ಯಾಹ್ನದ ಊಟದ ಜೊತೆ ವಾರಕ್ಕೆ ಎರಡು ದಿನ ಸಿಗುತ್ತಿದ್ದ ಮೊಟ್ಟೆ, 2024ರಲ್ಲಿ ಅಜೀಂ ಪ್ರೇಮ್‌ಜಿ ಫೌಂಡೇಷನ್ ಮೂರು ವರ್ಷಕ್ಕೆ ಸುಮಾರು 1,500 ಕೋಟಿ ರೂಪಾಯಿ ನೆರವಿಗೆ ಒಪ್ಪಿದ ಮೇಲೆ ಆರು ದಿನವೂ ಸಿಗುವಂತಾಯಿತು. ಓಡುವ ಮಗುವಿಗೆ ಈ ಮೊಟ್ಟೆ ಒಂದು ನೆರವು, ಆ ಟಿಕೆಟ್ಟು ಇನ್ನೊಂದು. ನೀನು ಗೆದ್ದಿದ್ದೀಯಾ, ಸರ್ಟಿಫಿಕೇಟ್ ಎಲ್ಲಿ ಎಂದು ಇವೆರಡೂ ಕೇಳುವುದಿಲ್ಲ.

ಹೀಟ್ಸ್ ಮುಗಿಸಿ ಹುಡುಗಿ ಬಂದಳು. ಬೆವರು ಒರೆಸಿಕೊಂಡು ಮೆಟ್ಟಿಲ ಮೇಲೆ ಕುಳಿತು ಶೂ ಬಿಚ್ಚಿದಳು. ಅಡಿಗೆ ತಿರುಪಿ ಕೂರಿಸಿದ ಮೊಳೆಗಳು. ಮಣ್ಣಿನ ಟ್ರ್ಯಾಕಿಗೆ ಉದ್ದ ಮೊಳೆ, ಸಿಂಥೆಟಿಕ್ಕಿಗೆ ಗಿಡ್ಡ ಮೊಳೆ. ಊರಿನಲ್ಲಿ ಉದ್ದ ಮೊಳೆಯಲ್ಲೇ ಅಭ್ಯಾಸ. ಇಲ್ಲಿಗೆ ಬಂದ ಮೇಲೆ ಬೇರೆ ಜಿಲ್ಲೆಯ ಹುಡುಗಿಯೊಬ್ಬಳ ಹತ್ತಿರ ಗಿಡ್ಡ ಮೊಳೆಯನ್ನೂ ತಿರುಗಿಸುವ ಕೀಲಿಯನ್ನೂ ಎರವಲು ತಂದಿದ್ದಳು. ಶೂ ಕಾಲಿನಿಂದ ಸಲೀಸಾಗಿ ಕಳಚಿತು. ತುದಿಯಲ್ಲಿ ಹತ್ತಿ ತುರುಕಿದ್ದು ಕಂಡಿತು.

“ಒಂದು ನಂಬರ್ ದೊಡ್ಡದು ತಗೊಂಡೀವ್ರಿ. ಮುಂದಿನ ವರ್ಷಕ್ಕೂ ಆಗ್ಲಿ ಅಂತ,” ಎಂದರು ತಂದೆ.

ಎರಡು ಸುತ್ತಿನ ಓಟವನ್ನು ಆಕೆ ತನ್ನದಲ್ಲದ ಅಳತೆಯ ಶೂ ಹಾಕಿಕೊಂಡು ಓಡಿದ್ದಳು. ಬಡ ಮನೆಯ ಮಕ್ಕಳಿಗೆ ಕ್ರೀಡೆಯಲ್ಲಿ ಏನು ಕೊರತೆ ಎಂದು ಕೇಳುವವರಿಗೆ ನಾನು ಆ ಹತ್ತಿಯ ಉಂಡೆಯನ್ನು ತೋರಿಸುತ್ತೇನೆ.

ಹಾಗಾದರೆ ನೆರವು ಇಲ್ಲವೇ? ಇದೆ. ಯುವ ಸಬಲೀಕರಣ ಮತ್ತು ಕ್ರೀಡಾ ಇಲಾಖೆ, ರಾಜ್ಯ ಮಟ್ಟದಲ್ಲಿ ಸಾಧನೆ ತೋರಿದ 6ರಿಂದ 10ನೇ ತರಗತಿಯ ಮಕ್ಕಳಿಗೆ ವರ್ಷಕ್ಕೆ 10,000 ರೂಪಾಯಿ ವಿದ್ಯಾರ್ಥಿವೇತನ ಕೊಡುತ್ತದೆ. ಕೇಂದ್ರದ ಖೇಲೋ ಇಂಡಿಯಾ ಯೋಜನೆಯಲ್ಲಿ ಆಯ್ಕೆಯಾದವರಿಗೆ ವರ್ಷಕ್ಕೆ ಲಕ್ಷಗಟ್ಟಲೆ ರೂಪಾಯಿಯ ನೆರವು, ಅದೂ ಎಂಟು ವರ್ಷದವರೆಗೆ. ಇದರಲ್ಲಿ ತಿಂಗಳಿಗೆ 10,000 ರೂಪಾಯಿ ಕ್ರೀಡಾಪಟುವಿನ ಕೈಗೇ ಬರುತ್ತದೆ. ಉಳಿದದ್ದು ತರಬೇತಿ, ವಸತಿ, ಊಟ, ಸಲಕರಣೆಗೆ. ಪ್ಯಾರಿಸ್ ಒಲಿಂಪಿಕ್ಸ್ ಕಣ್ಣ ಮುಂದಿಟ್ಟುಕೊಂಡು ರಾಜ್ಯ ಸರ್ಕಾರ ‘ಅಮೃತ ಕ್ರೀಡಾ ದತ್ತು’ ಯೋಜನೆಯಲ್ಲಿ 75 ಕ್ರೀಡಾಪಟುಗಳನ್ನು ದತ್ತು ತೆಗೆದುಕೊಂಡಿತು. ಇವೆಲ್ಲ ಒಳ್ಳೆಯ ಯೋಜನೆಗಳೇ, ಇವುಗಳಿಂದ ಮೇಲೆ ಬಂದವರಿದ್ದಾರೆ. ಆದರೆ ಇವುಗಳ ಬಾಗಿಲು ತೆರೆಯುವುದು ಮಗು ಗೆದ್ದ ಮೇಲೆ, ಇಲ್ಲವೇ ಗೆಲ್ಲುವ ಹಂತಕ್ಕೆ ಬಂದ ಮೇಲೆ. ಅಲ್ಲಿಯವರೆಗಿನ ಶೂ, ಹಾಲು, ಬಸ್ಸು, ಕೂಲಿ ಎಲ್ಲವೂ ಮನೆಯವರ ತಲೆಯ ಮೇಲೆ. ಎಷ್ಟೋ ಕಡೆ ಪಿಟಿ ಮೇಷ್ಟ್ರು ತಮ್ಮ ಸಂಬಳದಿಂದಲೇ ಕೊಡುತ್ತಾರೆ. ಆ ದಿನ ಗ್ಯಾಲರಿಯಲ್ಲಿ ಮಾತಿಗೆ ಸಿಕ್ಕ ಮೂವರು ದೈಹಿಕ ಶಿಕ್ಷಕರಲ್ಲಿ ಮೂವರೂ ಮಕ್ಕಳ ಊಟದ ಬಿಲ್ಲನ್ನು ತಾವೇ ಕೊಟ್ಟಿದ್ದರು.

ಗೆಲ್ಲುವ ಮುಂಚೆಯೇ ಮಗುವನ್ನು ಹುಡುಕಿಕೊಂಡು ಹೋದ ಪ್ರಯತ್ನವೂ ನಮ್ಮ ನಾಡಿನಲ್ಲಿ ನಡೆದಿದೆ. 1987ರಲ್ಲಿ, ಮಾರ್ಗರೆಟ್ ಆಳ್ವ ಕೇಂದ್ರದ ಕ್ರೀಡಾ ಸಚಿವೆಯಾಗಿದ್ದಾಗ, ಭಾರತೀಯ ಕ್ರೀಡಾ ಪ್ರಾಧಿಕಾರ ‘ವಿಶೇಷ ಪ್ರದೇಶ ಕ್ರೀಡೆ’ ಯೋಜನೆಯಡಿ ಉತ್ತರ ಕನ್ನಡದ ಸಿದ್ದಿ ಸಮುದಾಯದ ಮಕ್ಕಳನ್ನು ಆರಿಸಿತು. ಯಲ್ಲಾಪುರ, ಹಳಿಯಾಳ, ಮುಂಡಗೋಡದ ಕಾಡಂಚಿನ ಹಳ್ಳಿಗಳ ಮಕ್ಕಳಿಗೆ ಊಟ, ವಸತಿ, ಶಾಲೆ, ತರಬೇತಿ ಎಲ್ಲವೂ ಉಚಿತ. ಆಫ್ರಿಕಾ ಮೂಲದವರಾದ್ದರಿಂದ ಓಟ ಇವರ ರಕ್ತದಲ್ಲೇ ಇದೆ ಎಂಬ ಎಣಿಕೆ ಅದರ ಹಿಂದಿತ್ತು. ಆ ಎಣಿಕೆ ಸರಿಯಲ್ಲ, ಓಟಗಾರರನ್ನು ಮಾಡುವುದು ರಕ್ತವಲ್ಲ, ವರ್ಷಗಟ್ಟಲೆಯ ಅನ್ನ ಮತ್ತು ಅಭ್ಯಾಸ. ಆದರೂ ಮಕ್ಕಳು ಅವಕಾಶವನ್ನು ಬಾಚಿಕೊಂಡರು, ಪದಕ ತಂದರು. 1990ರ ದಶಕದ ಆರಂಭದಲ್ಲಿ ಯೋಜನೆ ನಿಂತುಹೋಯಿತು. ನಡುದಾರಿಯಲ್ಲಿದ್ದ ಹಲವರು ಕಾಡಿಗೆ, ಕೂಲಿಗೆ ಮರಳಿದರು. ಉತ್ತರ ಕನ್ನಡದ ಸಿದ್ದಿಗಳು ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿದ್ದೇ 2003ರಲ್ಲಿ.

ಆ ಯೋಜನೆಯ ಆಲೋಚನೆಯೇ ತಪ್ಪಾಗಿತ್ತು ಎನ್ನುವವರಿಗೆ ಲಿಂಬಾ ರಾಮ್ ಅವರ ಬದುಕೇ ಉತ್ತರ. ರಾಜಸ್ಥಾನದ ಉದಯಪುರ ಕಡೆಯ ಬುಡಕಟ್ಟು ಹುಡುಗ, ಬಿದಿರಿನ ಬಿಲ್ಲಿನಲ್ಲಿ ಬೇಟೆಯಾಡುತ್ತಿದ್ದವರು. 1987ರಲ್ಲಿ ಇದೇ ಬಗೆಯ ಶೋಧದಲ್ಲಿ ಪ್ರಾಧಿಕಾರದ ಕಣ್ಣಿಗೆ ಬಿದ್ದರು. 1988, 1992, 1996 ಹೀಗೆ ಮೂರು ಒಲಿಂಪಿಕ್ಸ್‌ನಲ್ಲಿ ಭಾರತಕ್ಕಾಗಿ ಬಾಣ ಬಿಟ್ಟರು. ಹುಡುಕಿದರೆ ಸಿಗುತ್ತಾರೆ. ಸಿಕ್ಕವರ ಕೈಯನ್ನು ನಡುವೆ ಬಿಡಬಾರದು, ಅಷ್ಟೆ.

ಮಧ್ಯಾಹ್ನ ಒಂದಷ್ಟು ಹೊತ್ತು ಲಾಂಗ್ ಜಂಪ್ ಗುಂಡಿಯ ಹತ್ತಿರ ನಿಂತೆ. ಒಂದೇ ಬಣ್ಣದ ಜರ್ಸಿ ತೊಟ್ಟ ಗುಂಪೊಂದು ಅಲ್ಲಿತ್ತು. ಕ್ರೀಡಾ ವಸತಿನಿಲಯದ ಮಕ್ಕಳು. ಇವರ ಹತ್ತಿರ ಅವರವರ ಅಳತೆಯ ಶೂ ಇತ್ತು, ನೀರಿನ ಕ್ಯಾನು ಇತ್ತು, ಜೊತೆಗೆ ತರಬೇತುದಾರರಿದ್ದರು. ನನ್ನ ಕಣ್ಣಿಗೆ ನಮ್ಮ ರಾಜ್ಯದ ನಿಜವಾದ ಕ್ರೀಡಾ ನೆರವು ಎಂದರೆ ಇದೇ. ಕಿರಿಯರ ನಿಲಯ, ಹಿರಿಯರ ನಿಲಯ ಎಂದು ಇಲಾಖೆ ಜಿಲ್ಲೆಗಳಲ್ಲಿ ನಡೆಸುವ ಈ ನಿಲಯಗಳಿಗೆ ಮಕ್ಕಳನ್ನು ಆರಿಸುವಾಗ ಎತ್ತರ ಅಳೆಯುತ್ತಾರೆ, ನಿಂತಲ್ಲಿಂದ ಜಿಗಿಸುತ್ತಾರೆ, 30 ಮೀಟರ್, 800 ಮೀಟರ್ ಓಡಿಸುತ್ತಾರೆ. ನೋಡುವುದು ಮಗುವಿನ ಕಸುವನ್ನು. ಒಮ್ಮೆ ಒಳಗೆ ಬಂದರೆ ಊಟ, ವಸತಿ, ಕಿಟ್ಟು, ತರಬೇತಿ ಸರ್ಕಾರದ್ದು. ವಿಜಯಪುರದಲ್ಲಿ ರೈತರ ಮಕ್ಕಳು ಲಕ್ಷಗಟ್ಟಲೆ ಬೆಲೆಯ ರೇಸಿಂಗ್ ಸೈಕಲ್ ಏರಲು, ಹಳಿಯಾಳದಲ್ಲಿ ಕೂಲಿಕಾರರ ಮಕ್ಕಳು ಕುಸ್ತಿಯ ಮ್ಯಾಟ್ ಹತ್ತಲು ಇಂಥ ನಿಲಯಗಳೇ ದಾರಿ.

ಕರಾವಳಿಯಲ್ಲಿ ಈ ಕೆಲಸವನ್ನು ವಿದ್ಯಾಸಂಸ್ಥೆಗಳು ಮಾಡಿವೆ. ಮೂಡುಬಿದಿರೆಯ ಆಳ್ವಾಸ್ ನೂರಾರು ಕ್ರೀಡಾಪಟುಗಳಿಗೆ ಉಚಿತ ಶಿಕ್ಷಣ, ಊಟ, ವಸತಿ ಕೊಡುತ್ತದೆ. ಕುಂದಾಪುರ ಕಡೆಯ ಗುರುರಾಜ ಪೂಜಾರಿ ಪಿಕಪ್ ಚಾಲಕರ ಮಗ. ಉಜಿರೆಯ ಎಸ್‌ಡಿಎಂ ಕಾಲೇಜಿನಲ್ಲಿ ಭಾರ ಎತ್ತುವುದನ್ನು ಕಲಿತರು. 2018ರ ಗೋಲ್ಡ್ ಕೋಸ್ಟ್ ಕಾಮನ್‌ವೆಲ್ತ್ ಕೂಟದಲ್ಲಿ 56 ಕೆ.ಜಿ. ವಿಭಾಗದ ಬೆಳ್ಳಿ ಗೆದ್ದರು; ಆ ಕೂಟದಲ್ಲಿ ಭಾರತಕ್ಕೆ ಬಂದ ಮೊದಲ ಪದಕ ಅದು. 2022ರಲ್ಲಿ ಬರ್ಮಿಂಗ್‌ಹ್ಯಾಮ್‌ನಲ್ಲಿ ಕಂಚು. ಆ ಎರಡು ಪದಕಗಳ ಹಿಂದೆ, ಯಾರೂ ಅವರ ಹೆಸರು ಕೇಳದಿದ್ದ ದಿನಗಳಲ್ಲಿ ಹೊಟ್ಟೆ ತುಂಬಿದ ಊಟವಿದೆ.

ಸಂಜೆ ಬಿಸಿಲು ಇಳಿದ ಮೇಲೆ 800 ಮೀಟರಿನ ಫೈನಲ್. ಬ್ಯಾಡಗಿಯ ಹುಡುಗಿ ಮೊದಲ ಸುತ್ತಿನಲ್ಲಿ ಮೂರನೆಯವಳು. ಎರಡನೇ ಸುತ್ತಿನ ಕೊನೆಯ ತಿರುವಿನಲ್ಲಿ ಇಬ್ಬರು ಅವಳನ್ನು ದಾಟಿದರು. ಎಂಟು ಜನರಲ್ಲಿ ಐದನೆಯವಳಾಗಿ ಗೆರೆ ಮುಟ್ಟಿದಳು. ಊರಿನಲ್ಲಿ ಓಡಿದ್ದಕ್ಕಿಂತ ಕಡಿಮೆ ಸಮಯ ಎಂದು ಅವಳ ಪಿಟಿ ಮೇಷ್ಟ್ರು ಗಡಿಯಾರ ತೋರಿಸಿ ಬೆನ್ನು ತಟ್ಟಿದರು. ಆದರೆ ಐದನೆಯವರಿಗೆ ಪದಕವಿಲ್ಲ. ಪದಕವಿಲ್ಲದ ಮೇಲೆ ವಿದ್ಯಾರ್ಥಿವೇತನದ ಅರ್ಜಿಗೆ ಲಗತ್ತಿಸಲು ಅವಳ ಕವರಿನಲ್ಲಿ ಏನೂ ಇಲ್ಲ. ಇದೇ ಹುಡುಗಿ ಇನ್ನೆರಡು ವರ್ಷ ಓಡಿದರೆ ಗೆಲ್ಲಬಹುದು. ಆ ಎರಡು ವರ್ಷದ ಖರ್ಚು ಅವಳ ಅಪ್ಪನ ಜೇಬಿನ ಪುಸ್ತಕದಲ್ಲಿದೆ.

ಸರ್ಕಾರ ಮಾಡಬೇಕಾದ್ದು ಸ್ಪಷ್ಟ. ತಾಲ್ಲೂಕು ಕೂಟದಲ್ಲಿ ಮೊದಲ ಎಂಟರೊಳಗೆ ಬಂದ ಪ್ರತಿ ಬಡ ಮಗುವಿಗೂ ಒಂದು ಜೊತೆ ಶೂ, ಕೂಟಗಳಿಗೆ ಹೋಗಿಬರುವ ಖರ್ಚು, ಹುಡುಗರಿಗೂ ಬಸ್ ಪಾಸ್ ಕೊಡಲಿ. ಪದಕಕ್ಕೆ ಕೊಡುವ ಬಹುಮಾನದ ಮುಂದೆ ಇದು ಸಣ್ಣ ಮೊತ್ತ. ಆದರೆ ಓದುಗರಾದ ನಾವು ಸರ್ಕಾರಕ್ಕಾಗಿ ಕಾಯಬೇಕಾಗಿಲ್ಲ. ನಿಮ್ಮ ಊರಿನ ಸರ್ಕಾರಿ ಶಾಲೆಗೆ ಹೋಗಿ, ಬರಿಗಾಲಲ್ಲಿ ಓಡುವ ಮಗು ಯಾವುದು ಎಂದು ಪಿಟಿ ಮೇಷ್ಟ್ರನ್ನು ಕೇಳಿ. ಮಗುವಿನ ಪಾದದ ಅಳತೆ ತೆಗೆದುಕೊಂಡು ಅದೇ ಅಳತೆಯ ಶೂ ಕೊಡಿಸಿ. ಮುಂದಿನ ವರ್ಷ ಮತ್ತೆ ಹೋಗಿ ಅಳತೆ ತೆಗೆಯಿರಿ. ಮಕ್ಕಳ ಪಾದ ಬೆಳೆಯುತ್ತಲೇ ಇರುತ್ತದೆ.