ಟೊಂಗೆ ಮುರಿಯಬೇಡಿ, ರಿಂಗ್ ತಿರುಗಿಸಿ!

ಮಳೆಗಾಲ ಬಂತೆಂದರೆ ನಮ್ಮ ಬೀದರ್ ಜಿಲ್ಲೆಯ ಜಾಲಿ ಮರಗಳಲ್ಲಿ ಗೀಜಗಗಳ ಸಂಸಾರ ಶುರುವಾಗುತ್ತದೆ. ಭಾಲ್ಕಿ ಕಡೆಯ ಹೊಲದ ಬಾವಿಗಳ ಮೇಲೆ, ಔರಾದ್ ಕಡೆಯ ಹಳ್ಳದ ದಂಡೆಗಳಲ್ಲಿ ಬಾಗಿದ ಟೊಂಗೆಗಳ ತುದಿಗೆ ಹುಲ್ಲಿನ ಗೂಡುಗಳು ಜೋತಾಡುತ್ತವೆ. ಗಂಡು ಗೀಜಗ ಹುಲ್ಲಿನ ಎಳೆಗಳನ್ನು ಸೀಳಿ ತಂದು ಕೊಕ್ಕಿನಿಂದಲೇ ಹೆಣೆಯುತ್ತದೆ. ಗೂಡು ಅರ್ಧ ಮುಗಿದಾಗ ಹೆಣ್ಣು ಬಂದು ಪರೀಕ್ಷೆ ಮಾಡುತ್ತದೆ. ಅದಕ್ಕೆ ಮೆಚ್ಚಿಗೆಯಾದರೆ ಮಾತ್ರ ಸಂಸಾರ!

ಮಕ್ಕಳೇ, ಇದರ ಫೋಟೊ ತೆಗೆದು ನೋಡಿದ್ದೀರಾ? ಬಹಳ ಸಲ ಮುಂದಿನ ಮುಳ್ಳುಟೊಂಗೆ ಸ್ಪಷ್ಟವಾಗಿ ಬಂದಿರುತ್ತದೆ, ಹಕ್ಕಿ ಮಾತ್ರ ಹಳದಿ ಮಸುಕು. 'ಅಡ್ಡ ಬಂದ ಟೊಂಗೆಯನ್ನು ಮುರಿದರಾಯಿತು' ಎಂದು ಕೆಲವರಿಗೆ ಅನ್ನಿಸುತ್ತದೆ. ಹಾಗೆ ಮಾಡಬೇಡಿ. ನಮಗೆ ಅಡ್ಡವಾದ ಎಲೆ-ಟೊಂಗೆಗಳೇ ಎಷ್ಟೋ ಹಕ್ಕಿಗಳ ಗೂಡಿಗೆ ಪರದೆ. ಅದು ಹೋದರೆ ಕಾಗೆಯ ಕಣ್ಣಿಗೆ ಮರಿಗಳು ಬೀಳುತ್ತವೆ, ಬಿಸಿಲೂ ನೇರವಾಗಿ ತಾಗುತ್ತದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಕಾಡುಹಕ್ಕಿಗಳ ಗೂಡು, ಮೊಟ್ಟೆಗಳಿಗೆ ತೊಂದರೆ ಕೊಡುವುದನ್ನೂ 'ಬೇಟೆ'ಯ ಲೆಕ್ಕಕ್ಕೇ ಸೇರಿಸಿದೆ.

ಹಾಗಾದರೆ ಏನು ಮಾಡುವುದು? ಮೊದಲು ಒಂದು ಪ್ರಯೋಗ. ಕಿಟಕಿಯ ಸೊಳ್ಳೆ ಜಾಲರಿಯಿಂದ ನಾಲ್ಕು ಹೆಜ್ಜೆ ಹಿಂದೆ ನಿಂತು ಜಾಲರಿಯನ್ನೇ ನೋಡಿ. ಅದರ ಎಳೆಗಳು ಕಾಣುತ್ತವೆ. ಈಗ ಒಂದು ಕಣ್ಣು ಮುಚ್ಚಿ, ಇನ್ನೊಂದನ್ನು ಜಾಲರಿಯ ಹತ್ತಿರಕ್ಕೆ ತಂದು ದೂರದ ಮರವನ್ನು ನೋಡಿ. ಜಾಲರಿ ಮಾಯ! ಅದು ಎಲ್ಲಿಗೂ ಹೋಗಿಲ್ಲ. ನಿಮ್ಮ ಕಣ್ಣು ದೂರಕ್ಕೆ ಹೊಂದಿಕೊಂಡಿತು. ಮರದ ಬೆಳಕು ತೆಳುವಾದ ಎಳೆಗಳ ಅಕ್ಕಪಕ್ಕದಿಂದ ಕಣ್ಣಿನೊಳಗೆ ಬಂತು.

ಕ್ಯಾಮೆರಾ ತಾನಾಗಿ ಫೋಕಸ್ ಮಾಡುವಾಗ ಅದಕ್ಕೆ ಗೀಜಗ ಯಾವುದು, ಟೊಂಗೆ ಯಾವುದು ಎಂಬ ವ್ಯತ್ಯಾಸ ಎಷ್ಟೋ ಸಲ ತಿಳಿಯುವುದಿಲ್ಲ. ಹತ್ತಿರದಲ್ಲಿ ಎದ್ದು ಕಾಣುವುದನ್ನು ಹಿಡಿದುಬಿಡುತ್ತದೆ. ಆಗ ಅದರ ಕೆಲಸವನ್ನು ನಾವೇ ಮಾಡಬೇಕು. ಇದೇ ಮ್ಯಾನುಯಲ್ ಫೋಕಸ್.

ಲೆನ್ಸ್ ಅಥವಾ ಕ್ಯಾಮೆರಾದಲ್ಲಿರುವ ಸ್ವಿಚ್ ಅನ್ನು 'ಎಂಎಫ್' ಅಥವಾ 'ಎಂ'ಗೆ ತನ್ನಿ. ಲೆನ್ಸಿನ ರಿಂಗನ್ನು ನಿಧಾನವಾಗಿ ತಿರುಗಿಸಿ. ಟೊಂಗೆ ಕರಗುತ್ತದೆ, ಹಕ್ಕಿ ಮೂಡುತ್ತದೆ. ಸ್ವಲ್ಪ ಮುಂದೆ ಹೋಗಿ ಹಿಂದೆ ಬನ್ನಿ, ಹಕ್ಕಿಯ ಕಣ್ಣು ಹೊಳೆದ ಕಡೆ ನಿಲ್ಲಿಸಿ. ಅಪರ್ಚರ್ ಸಂಖ್ಯೆ ಚಿಕ್ಕದಿರಲಿ, 4 ಅಥವಾ 5.6 ಇದ್ದರೆ ಮುಂದಿನ ಟೊಂಗೆ ಇನ್ನಷ್ಟು ಕರಗುತ್ತದೆ. ತಂತಿ ಬಲೆಯ ಹಿಂದಿನ ಪ್ರಾಣಿಯಾದರೆ, ಅಲ್ಲಿನ ನಿಯಮ ಒಪ್ಪುವಷ್ಟು ಲೆನ್ಸನ್ನು ಬಲೆಗೆ ಹತ್ತಿರ ಹಿಡಿಯಿರಿ. ಪ್ರಾಣಿ ಬಲೆಯಿಂದ ದೂರ ಇದ್ದಷ್ಟೂ ಒಳ್ಳೆಯದು.

ಮೊಬೈಲ್ ಮಾತ್ರ ಇದೆಯೇ? ಹಲವು ಮೊಬೈಲ್‌ಗಳ 'ಪ್ರೊ' ವಿಭಾಗದಲ್ಲಿ 'ಎಂಎಫ್' ಎಂಬ ಗೆರೆ ಇರುತ್ತದೆ. ಒಂದು ತುದಿಯಲ್ಲಿ ಹೂವಿನ ಚಿತ್ರವಿದ್ದರೆ ಅದು ಹತ್ತಿರಕ್ಕೆ, ಇನ್ನೊಂದು ತುದಿಯ ಬೆಟ್ಟದ ಚಿತ್ರ ದೂರಕ್ಕೆ. ಬೆರಳಿನಿಂದ ಬೆಟ್ಟದ ಕಡೆಗೆ ಸರಿಸಿ ನೋಡಿ.

ಅಜ್ಜ-ಅಜ್ಜಿಯರಿಗೂ ಒಂದು ಮಾತು. ವಯಸ್ಸಾದಂತೆ ಕಣ್ಣಿನ ಮಸೂರ ಗಡುಸಾಗುತ್ತದೆ, ಅದಕ್ಕೇ ನಮಗೆ ಚಾಳೀಸು. ಕಣ್ಣಿಟ್ಟು ನೋಡುವ ಕಿಂಡಿ ಇರುವ ಕ್ಯಾಮೆರಾಗಳಲ್ಲಿ ಸಾಮಾನ್ಯವಾಗಿ ಆ ಕಿಂಡಿಯ ಪಕ್ಕದಲ್ಲೇ ಒಂದು ಪುಟ್ಟ ಗಾಲಿ ಇರುತ್ತದೆ. ಒಳಗಿನ ಅಂಕಿಗಳು ಸ್ಪಷ್ಟವಾಗುವವರೆಗೆ ಅದನ್ನು ತಿರುಗಿಸಿ ನಿಮ್ಮ ಕಣ್ಣಿಗೆ ಹೊಂದಿಸಿಕೊಳ್ಳಿ. ಆಮೇಲೆ ಫೋಕಸ್ ಸುಲಭ.

ಇದು ಹೊಸ ವಿದ್ಯೆ ಏನಲ್ಲ. ತಾನಾಗಿ ಫೋಕಸ್ ಮಾಡುವ ಕೊನಿಕಾ ಸಿ35 ಎಎಫ್ ಕ್ಯಾಮೆರಾ ಮಾರುಕಟ್ಟೆಗೆ ಬಂದದ್ದೇ 1977ರಲ್ಲಿ. ನಮ್ಮ ಕರ್ನಾಟಕದ ಹೆಸರಾಂತ ವನ್ಯಜೀವಿ ಛಾಯಾಗ್ರಾಹಕರಾದ ಟಿ.ಎನ್.ಎ. ಪೆರುಮಾಳ್, ಸಂಡೂರಿನ ಎಂ.ವೈ. ಘೋರ್ಪಡೆ ಅವರ ಕಾಲದಲ್ಲಿ ಬಹಳ ವರ್ಷ ಕೈಬೆರಳುಗಳೇ ಫೋಕಸ್ ಮಾಡುತ್ತಿದ್ದವು.

ಅಭ್ಯಾಸಕ್ಕೆ ಬೀದರ್ ನಗರದಲ್ಲೇ ಜಾಗವಿದೆ. 1472ರಲ್ಲಿ ಕಟ್ಟಿದ ಮಹಮೂದ್ ಗವಾನ್ ಮದರಸಾದ ಮಿನಾರ್ ಅಲುಗಾಡದೆ ನಿಂತಿರುತ್ತದೆ. ಯಾವುದಾದರೂ ಗಿಡದ ಎಲೆಗಳ ನಡುವಿನಿಂದ ಅದರ ಬಣ್ಣದ ಹೆಂಚುಗಳಿಗೆ ಫೋಕಸ್ ಮಾಡಿ. ಕೈ ಪಳಗಿದ ಮೇಲೆ ಹುಲ್ಲಿನ ಮರೆಯಲ್ಲಿ ನಿಂತ ಚಿಗರಿಯನ್ನು ದೂರದಿಂದಲೇ ಪ್ರಯತ್ನಿಸಿ. ಅದು ಕತ್ತೆತ್ತಿ ನಿಮ್ಮನ್ನೇ ದಿಟ್ಟಿಸಿದರೆ ಅಲ್ಲೇ ನಿಲ್ಲಿ. ಗೂಡಿನ ಹಕ್ಕಿ ಗಾಬರಿಯಿಂದ ಕೂಗಿದರೆ ಕ್ಯಾಮೆರಾ ಇಳಿಸಿ ಹಿಂದೆ ಸರಿಯಿರಿ. ಫೋಟೊ ನಾಳೆಯೂ ತೆಗೆಯಬಹುದು, ಬಿಟ್ಟುಹೋದ ಗೂಡಿಗೆ ಹಕ್ಕಿ ಮರಳುತ್ತದೆಂಬ ಭರವಸೆ ಇಲ್ಲ.